ಆರು ಸಾವಿರದೊಳಗಿನ ಟ್ರೇಲ್ ಶೂ: ಮೊದಲು ಅಡಿ ತಿರುಗಿಸಿ ನೋಡಿ

ಅಂಗಡಿಯಲ್ಲಿ ಟ್ರೇಲ್ ಶೂ, ಅಂದರೆ ಬೆಟ್ಟ ಮತ್ತು ಮಣ್ಣುದಾರಿಯ ಓಟದ ಶೂ, ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಹೆಬ್ಬೆರಳಿನಿಂದ ಹಿಮ್ಮಡಿಯ ಮೆತ್ತೆ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಖುಷಿ, ಗಟ್ಟಿಯಿದ್ದರೆ ಪಕ್ಕಕ್ಕೆ. ರಸ್ತೆಯ ಶೂಗೆ ಆ ಪರೀಕ್ಷೆ ನಡೆದೀತು. ಬೆಟ್ಟ, ತೋಟದ ದಾರಿ, ಕಾಡಿನ ಕಾಲುಹಾದಿಯಲ್ಲಿ ಓಡುವವರು ಶೂ ತಲೆಕೆಳಗು ಮಾಡಿ ಅಡಿಯಿಂದ ಶುರುಮಾಡಬೇಕು. ಹದಿನೈದು ಸಾವಿರದ ಶೂನಲ್ಲಿ ಒಳ್ಳೆಯ ರಬ್ಬರ್, ಒಳ್ಳೆಯ ಮೆತ್ತೆ, ಒಳ್ಳೆಯ ಮೇಲ್ಬಟ್ಟೆ ಮೂರೂ ಸಿಗುತ್ತವೆ. ಆರು ಸಾವಿರದೊಳಗೆ ಕಂಪನಿಗಳು ಎಲ್ಲೋ ಒಂದು ಕಡೆ ಕೈ ಬಿಗಿಹಿಡಿದಿರುತ್ತವೆ. ಎಲ್ಲಿ ಹಿಡಿದಿದ್ದಾರೆ, ಅದರಿಂದ ನೀವು ಓಡುವ ದಾರಿಯಲ್ಲಿ ನಿಮಗೆ ತೊಂದರೆಯಾಗುತ್ತದೋ ಇಲ್ಲವೋ ಎಂಬುದನ್ನು ಕಂಡುಕೊಂಡರೆ ಅರ್ಧ ಆಯ್ಕೆ ಆದಂತೆ.

ಮೊದಲನೆಯದು ರಬ್ಬರ್. ದುಬಾರಿ ಶೂಗಳ ಅಡಿಯಲ್ಲಿ ವೈಬ್ರಮ್ ಮೆಗಾಗ್ರಿಪ್, ಕಾಂಟಿನೆಂಟಲ್ ಥರದ ಮೃದುವಾದ, ಕಚ್ಚಿ ಹಿಡಿಯುವ ರಬ್ಬರ್ ಇರುತ್ತದೆ. ಒದ್ದೆ ಬಂಡೆಯ ಮೇಲೆ ಕಾಲು ನಿಲ್ಲುವುದು ಅದರಿಂದಲೇ. ಅಗ್ಗದ ಶೂನ ರಬ್ಬರ್ ಗಟ್ಟಿ. ಅದು ಬೇಗ ಸವೆಯುವುದಿಲ್ಲ, ಒಣ ನೆಲದಲ್ಲಿ ಯಾವ ದೂರೂ ಬರುವುದಿಲ್ಲ, ನೀರು ಬಿದ್ದ ಕಲ್ಲಿನ ಮೇಲೆ ಮಾತ್ರ ಜಾರುತ್ತದೆ. ಎರಡನೆಯದು ನಡುವಿನ ಫೋಮ್. ಈ ಬೆಲೆಗೆ ಬರುವುದು ಹೆಚ್ಚುಕಡಿಮೆ ಎಲ್ಲವೂ ಇವಿಎ ಎಂಬ ಸಾದಾ ಪ್ಲಾಸ್ಟಿಕ್ ಫೋಮ್. ಹೊಸದರಲ್ಲಿ ಪುಟಿಯುತ್ತದೆ, ದಿನಕಳೆದಂತೆ ಕುಗ್ಗಿ ಹಲಗೆಯಂತಾಗುತ್ತದೆ. ಮೂರನೆಯದು ಕಣ್ಣಿಗೆ ಬೀಳದ ಸಣ್ಣಪುಟ್ಟ ಭಾಗಗಳು: ಚೂಪುಗಲ್ಲು ತಡೆಯುವ ರಾಕ್ ಪ್ಲೇಟ್ ಇರುವುದಿಲ್ಲ, ಲೇಸಿನ ಕೆಳಗಿನ ನಾಲಿಗೆಯ ಎರಡೂ ಅಂಚನ್ನು ಶೂಗೆ ಸೇರಿಸಿ ಹೊಲಿದಿರುವುದಿಲ್ಲ, ಬೆರಳಿನ ಮುಂದಿನ ಕವಚ ತೆಳುವಾಗಿರುತ್ತದೆ. ಮೂರರಲ್ಲೂ ಮೊದಲನೆಯದೇ ಮುಖ್ಯ. ಮೆತ್ತೆ ಕಡಿಮೆಯಾದರೆ ಕಾಲು ನೋಯುತ್ತದೆ, ಹಿಡಿತ ಕೈಕೊಟ್ಟರೆ ಬಿದ್ದು ಮಣಿಕಟ್ಟು ಮುರಿಯುತ್ತದೆ.

ಅಡಿಯ ಹಲ್ಲುಗಳನ್ನು ಓಟಗಾರರು ಲಗ್ ಅನ್ನುತ್ತಾರೆ. ಅವು ಎಷ್ಟು ಆಳವಿರಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಕರ್ನಾಟಕದಲ್ಲಿ ನೂರು ಕಿಲೋಮೀಟರಿಗೊಂದು ನೆಲ. ಬೆಂಗಳೂರಿನ ಸುತ್ತ, ರಾಮನಗರ, ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಕಡೆ ಸಿಗುವುದು ಬರಿಯ ಬಂಡೆ, ಅದರ ಮೇಲೆ ಉದುರಿದ ಗರಸು. ಕಾಲು ಜಾರುವುದು ಬಂಡೆಯಿಂದಲ್ಲ, ಬಂಡೆಗೂ ಶೂನ ಅಡಿಗೂ ನಡುವೆ ಗುಂಡಿನಂತೆ ಉರುಳುವ ಆ ಗರಸಿನಿಂದ. ಇಲ್ಲಿಗೆ 3ರಿಂದ 4 ಮಿಲಿಮೀಟರ್ ಆಳದ, ತಲೆ ಅಗಲವಾದ, ಒತ್ತೊತ್ತಾಗಿ ಕೂತ ಹಲ್ಲು ಸಾಕು. ಹೆಚ್ಚು ಆಳದ ಮೊನಚು ಹಲ್ಲಿನ ಶೂ ಹಾಕಿ ಬಂಡೆ ಇಳಿದರೆ ನೆಲಕ್ಕೆ ತಾಗುವ ರಬ್ಬರಿನ ವಿಸ್ತಾರವೇ ಕಡಿಮೆಯಾಗುತ್ತದೆ, ಹಲ್ಲುಗಳು ಒಂದೊಂದೂ ಬಾಗುತ್ತವೆ, ಪಾದ ಅಲುಗಾಡುತ್ತದೆ. ಆಳ ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು ಅನ್ನುವ ಮಾತು ಕೆಸರಿಗೆ ಮಾತ್ರ ನಿಜ.

ಮಲೆನಾಡಿನ ಕಥೆ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿ, ಕುದುರೆಮುಖದ ಹುಲ್ಲುಗಾವಲು, ಕುಮಾರಪರ್ವತದ ಕೆಳಗಿನ ಕಾಡು, ಇಲ್ಲೆಲ್ಲ ಮೇಲೆ ದರಗು, ಕೆಳಗೆ ಜಿಗುಟು ಕೆಂಪುಮಣ್ಣು, ನಡುನಡುವೆ ಬೇರು. ಮಳೆಗಾಲದಲ್ಲಿ ಇಲ್ಲಿ 5 ಮಿಲಿಮೀಟರಿಗೆ ಕಡಿಮೆ ಹಲ್ಲಿದ್ದರೆ ಇಳಿಜಾರಿನಲ್ಲಿ ಓಡುವುದು ಬಿಡಿ, ನಿಲ್ಲುವುದೂ ಕಷ್ಟ. ಹಲ್ಲುಗಳ ನಡುವೆ ಕಿರುಬೆರಳಿನ ತುದಿ ಹಿಡಿಯುವಷ್ಟು ಜಾಗವೂ ಬೇಕು. ಇಲ್ಲದಿದ್ದರೆ ಮಣ್ಣು ಅಲ್ಲೇ ಮೆತ್ತಿಕೊಂಡು ನಾಲ್ಕು ಹೆಜ್ಜೆಗೆ ಶೂನ ಅಡಿ ನುಣ್ಣಗಾಗುತ್ತದೆ. ಕರಾವಳಿಯ ಮುರಕಲ್ಲಿನ ನೆಲ ಒರಟು, ಅಲ್ಲಿ ಸಾಧಾರಣ ಹಲ್ಲೂ ಹಿಡಿಯುತ್ತದೆ. ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಮಾತ್ರ ಯಾವ ಶೂವೂ ಹಿಡಿಯುವುದಿಲ್ಲ. ಇನ್ನು ಧಾರವಾಡ, ಗದಗ ಕಡೆಯ ಎರೆಮಣ್ಣು. ಒಣಗಿದಾಗ ಬಿರುಕುಬಿಟ್ಟ ಗಟ್ಟಿ ನೆಲ, ಯಾವ ಶೂ ಆದರೂ ನಡೆಯುತ್ತದೆ. ಮಳೆ ಬಿದ್ದ ಮೇಲೆ ಒಂದೊಂದು ಕಾಲಿಗೂ ಹೆಂಟೆ ಹೆಂಟೆಯಾಗಿ ಮಣ್ಣು ಅಂಟಿ ಶೂ ತೂಕ ದುಪ್ಪಟ್ಟಾಗುತ್ತದೆ. ಅದಕ್ಕೆ ಪರಿಹಾರ ಶೂ ಅಂಗಡಿಯಲ್ಲಿಲ್ಲ, ಎರಡು ದಿನ ಬಿಸಿಲು ಬಿದ್ದ ಮೇಲೆ ಓಡುವುದರಲ್ಲಿದೆ.

ಹಲ್ಲಿನ ಆಳ ಅಳೆಯಲು ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಸಾಕು. ಸೊನ್ನೆಯಿಂದ ಅಂಚಿನವರೆಗೆ ಇರುವ ಖಾಲಿ ಜಾಗ ಬಿಟ್ಟು ಲೆಕ್ಕ ಹಾಕಿ. ರಬ್ಬರ್ ನೋಡಲು ಹೆಬ್ಬೆರಳಿನ ಉಗುರನ್ನು ಹಲ್ಲಿನ ತಲೆಯ ಮೇಲೆ ಜೋರಾಗಿ ಒತ್ತಿ. ಉಗುರಿನ ಗುರುತು ಮೂಡಿ ನಿಧಾನವಾಗಿ ಮಾಯವಾದರೆ ಮೃದು. ಪ್ಲಾಸ್ಟಿಕ್ ಬಕೆಟ್ ಒತ್ತಿದಂತೆ ಏನೂ ಆಗದಿದ್ದರೆ ಗಟ್ಟಿ. ಅಡಿಯ ಉದ್ದಕ್ಕೂ ರಬ್ಬರ್ ಇದೆಯೇ ಅಥವಾ ನಡುವೆ ಫೋಮ್ ಹೊರಗೆ ಕಾಣುತ್ತದೆಯೇ ಅದನ್ನೂ ನೋಡಿ. ತೂಕ ಇಳಿಸಲು, ಖರ್ಚು ಉಳಿಸಲು ಹಾಗೆ ಬಿಡುತ್ತಾರೆ. ಆ ಬರಿಯ ಫೋಮಿಗೆ ಚೂಪುಗಲ್ಲು, ಮುಳ್ಳು ಸಲೀಸಾಗಿ ಇಳಿಯುತ್ತವೆ.

ಸಿಗುವ ಶೂಗಳು

ಬೆಲೆಗಳು ರಿಯಾಯಿತಿ ಬಂದಂತೆ ಏರಿಳಿಯುವುದರಿಂದ ಇಲ್ಲಿ ಹೇಳಿದ್ದನ್ನು ಅಂದಾಜು ಎಂದೇ ಹಿಡಿಯಿರಿ. ತೆರಿಗೆಯದೊಂದು ಸಂಗತಿ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5%, ಅದಕ್ಕೆ ಮೇಲ್ಪಟ್ಟರೆ 18%. ಹಾಗಾಗಿ 2,500ರ ಗಡಿಯ ಕೆಳಗೆ ಸಾಕಷ್ಟು ಶೂಗಳು ಕಾಣಿಸುತ್ತವೆ, ಆದರೆ ಅವುಗಳಲ್ಲಿ ನಿಜವಾದ ಟ್ರೇಲ್ ಓಟದ ಶೂ ಅಪರೂಪ. ಹಲ್ಲಿನಂಥ ವಿನ್ಯಾಸವನ್ನು ಅರ್ಧ ಮಿಲಿಮೀಟರ್ ಕೆತ್ತಿ, ಬಣ್ಣ ಬಳಿದು, ‘ಔಟ್‌ಡೋರ್’ ಎಂದು ಬರೆದವೇ ಹೆಚ್ಚು.

ಡೆಕಾಥ್ಲಾನ್‌ನ ಟ್ರೇಲ್ ಶೂಗಳು ಮೊದಲು ಎವಾಡಿಕ್ಟ್ ಹೆಸರಿನಲ್ಲಿದ್ದವು, ಈಗ ಕಿಪ್ರನ್ ಹೆಸರಿಗೆ ಸೇರಿಕೊಂಡಿವೆ. ಹಳೆಯ ಹೆಸರಿನ ಜೋಡಿ ಕಂಡರೆ ನಕಲಿ ಎಂದುಕೊಳ್ಳಬೇಡಿ, ಹಳೆಯ ದಾಸ್ತಾನು ಅಷ್ಟೇ. ಅವರ ಆರಂಭದ ಟಿಆರ್ ಸರಣಿ ಮೂರರಿಂದ ನಾಲ್ಕು ಸಾವಿರದ ಆಸುಪಾಸಿಗೆ ಸಿಗುತ್ತದೆ. ಮೊದಲ ಟ್ರೇಲ್ ಶೂ ಕೊಳ್ಳುವವರಿಗೆ ಈ ಬೆಲೆಗೆ ಇದಕ್ಕಿಂತ ಪ್ರಾಮಾಣಿಕವಾದ ಶೂ ಸಿಗುವುದು ಕಷ್ಟ: ಹಲ್ಲು ನಿಜವಾದದ್ದು, ಬೆರಳಿಗೆ ಕವಚವಿದೆ, ಹಿಮ್ಮಡಿಯ ಹಿಡಿತ ಗಟ್ಟಿ. ಮೆತ್ತೆ ಮಾತ್ರ ಹಿತಮಿತ. ವಾರಕ್ಕೆರಡು ಸಲ 8–10 ಕಿಲೋಮೀಟರ್ ಬೆಟ್ಟ ಹತ್ತಿಳಿಯುವವರಿಗೆ ಸಾಕು. ಮೂರು ಗಂಟೆ ದಾಟಿದ ಓಟದಲ್ಲಿ ಅಂಗಾಲು ನೆಲವನ್ನು ಎಣಿಸತೊಡಗುತ್ತದೆ. ಉದ್ದದ ಓಟದ ಗುರಿಯಿದ್ದರೆ ಅದೇ ಅಂಗಡಿಯ ಎಂಟಿ ಕುಶನ್ ಸರಣಿ ನೋಡಬಹುದು. ಮೆತ್ತೆ ಹೆಚ್ಚು, ಬೆಲೆ ಆರು ಸಾವಿರದ ಗಡಿಯ ಆಚೀಚೆ. ರಿಯಾಯಿತಿ ಬಂದಾಗ ಗಡಿಯೊಳಗೆ ಬರುತ್ತದೆ.

ಅದೇ ಅಂಗಡಿಯ ಕ್ವೆಚುವಾ ಎನ್‌ಎಚ್ 100 ಥರದ ಚಾರಣದ ಶೂ ಹಾಕಿಕೊಂಡು ಓಡುವವರು ಬಹಳ ಮಂದಿ. ಬೆಲೆ ಅರ್ಧದಷ್ಟು, ಅಡಿಯಲ್ಲಿ ಹಲ್ಲೂ ಕಾಣುತ್ತದೆ. ಚಾರಣಕ್ಕೆ ಅದು ಒಳ್ಳೆಯ ಶೂ. ಓಟಕ್ಕಲ್ಲ. ನಡೆಯುವಾಗ ಹಿಮ್ಮಡಿಯ ಮೇಲೆ ಬೀಳುವ ಭಾರಕ್ಕೂ ಓಡುವಾಗ ಬೀಳುವ ಭಾರಕ್ಕೂ ಎರಡು ಪಟ್ಟು ಅಂತರವಿದೆ. ನಡಿಗೆಯ ಶೂನ ಮೆತ್ತೆ ಆ ಪೆಟ್ಟು ತಡೆಯಲು ಮಾಡಿದ್ದಲ್ಲ, ಮೀನಖಂಡ ಮತ್ತು ಮೊಣಕಾಲು ಅದನ್ನು ತಿಂಗಳೊಳಗೆ ತಿಳಿಸುತ್ತವೆ.

ಏಸಿಕ್ಸ್ ಜೆಲ್-ವೆಂಚರ್ ಸರಣಿ ರಿಯಾಯಿತಿಯಲ್ಲಿ ನಾಲ್ಕು ಸಾವಿರದ ಹತ್ತಿರ ಬರುತ್ತದೆ, ಪೂರ್ತಿ ಬೆಲೆ ಐದಾರು ಸಾವಿರ. ಹಿಮ್ಮಡಿಯಲ್ಲಿ ಪೆಟ್ಟು ಹೀರುವ ಜೆಲ್, ಮುಂಗಾಲಿಗಿಂತ ಹಿಮ್ಮಡಿ ಸುಮಾರು 10 ಮಿಲಿಮೀಟರ್ ಎತ್ತರ, ಒಂದು ಶೂಗೆ ಸುಮಾರು 300 ಗ್ರಾಂ ತೂಕ. ಹಲ್ಲು ಆಳವಿಲ್ಲ, ಒತ್ತೊತ್ತಾಗಿವೆ. ಇದನ್ನು ಟ್ರೇಲ್ ಶೂ ಅನ್ನುವುದಕ್ಕಿಂತ ರಸ್ತೆಯೂ ಮಣ್ಣುದಾರಿಯೂ ಬೆರೆತ ಶೂ ಅನ್ನುವುದು ಸರಿ. ಮನೆಯಿಂದ ಮೂರು ಕಿಲೋಮೀಟರ್ ಟಾರು ರಸ್ತೆಯಲ್ಲಿ ಓಡಿ ತುರಹಳ್ಳಿ ಕಾಡು ಸೇರುವವರಿಗೆ, ಕೆರೆ ಏರಿಯ ಮೇಲೆ ಓಡುವವರಿಗೆ, ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ರಸ್ತೆಯಲ್ಲಿ ಇಳಿಯುವವರಿಗೆ ಇದು ಹೇಳಿ ಮಾಡಿಸಿದಂತಿದೆ. ತೂಕ 80 ಕಿಲೋ ದಾಟಿದವರಿಗೂ ಹಿಮ್ಮಡಿಯ ದಪ್ಪ ಹಿತವೆನಿಸುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇದನ್ನು ಒಯ್ಯಬೇಡಿ. ಕೊಳ್ಳುವಾಗ ಹೆಸರಿನ ಮುಂದಿನ ಸಂಖ್ಯೆ ನೋಡಿ. ಜೆಲ್-ವೆಂಚರ್ 6 ಈಗ ಫ್ಯಾಶನ್ ಶೂ ಆಗಿ ಮಾರಾಟವಾಗುತ್ತದೆ. ಓಟಕ್ಕೆ ಬೇಕಾದರೆ 9 ಅಥವಾ 10 ಕೇಳಿ. ಅದೇ ಕಂಪನಿಯ ಟ್ರೇಲ್ ಸ್ಕೌಟ್ ಇನ್ನೂ ಅಗ್ಗ, ಮೆತ್ತೆ ಇನ್ನೂ ಸರಳ. 5 ಕಿಲೋಮೀಟರಿನ ಓಟಕ್ಕೆ ಸರಿ.

ಅಡಿಡಾಸ್‌ನ ಟ್ರೇಸ್‌ರಾಕರ್ 2 ಆ ಕಂಪನಿಯ ಬೆಟ್ಟ-ಕಾಡಿನ ಶೂಗಳ ಟೆರೆಕ್ಸ್ ಸಾಲಿನ ಕೆಳಗಿನ ಮೆಟ್ಟಿಲು. ಪೂರ್ತಿ ಬೆಲೆಗೆ ಕೊಳ್ಳುವುದು ಬೇಡ, ಆನ್‌ಲೈನ್ ಹಬ್ಬದ ಮಾರಾಟಗಳಲ್ಲಿ ಎಷ್ಟೋ ಇಳಿಯುತ್ತದೆ. ಅಡಿಯಲ್ಲಿರುವುದು ಕಂಪನಿಯದೇ ಟ್ರ್ಯಾಕ್ಷನ್ ರಬ್ಬರ್, ಕಾಂಟಿನೆಂಟಲ್ ಅಲ್ಲ. ಅದು ಮೇಲಿನ ಬೆಲೆಯ ಟೆರೆಕ್ಸ್‌ಗಳಲ್ಲಿ ಬರುತ್ತದೆ. ನೈಕಿಯ ಜೂನಿಪರ್ ಟ್ರೇಲ್ 2 ಆರು ಸಾವಿರದ ಗಡಿಯಲ್ಲಿ ತೂಗಾಡುವ ಶೂ. ಹಲ್ಲು ಗಟ್ಟಿ ಮಣ್ಣಿಗೆ, ಗರಸಿಗೆ ಚೆನ್ನಾಗಿ ಹೊಂದುತ್ತದೆ, ರಸ್ತೆಯ ಮೇಲೂ ಕಿರಿಕಿರಿಯಿಲ್ಲ. ಈ ಎರಡಕ್ಕೂ ನೀರು ತಡೆಯುವ ಗೋರ್‌ಟೆಕ್ಸ್ ಪದರ ಇರುವ ಇನ್ನೊಂದು ರೂಪವಿದೆ, ಕೆಲವೊಮ್ಮೆ ರಿಯಾಯಿತಿಯಲ್ಲಿ ಅದೇ ಅಗ್ಗವಾಗಿ ಕಾಣಿಸುತ್ತದೆ. ನಮ್ಮ ಹವೆಗೆ ಅದು ಬೇಡವೇ ಬೇಡ. ಮಳೆಯ ನೀರು ಬಟ್ಟೆಯಿಂದ ಒಳಗೆ ಬರದೇ ಇರಬಹುದು, ಹಳ್ಳ ದಾಟುವಾಗ ಶೂನ ಬಾಯಿಂದಲೇ ಬರುತ್ತದೆ. ಬಂದದ್ದು ಹೊರಗೆ ಹೋಗುವುದಿಲ್ಲ. ಬೇಸಿಗೆಯಲ್ಲಂತೂ ಬೆವರಿಗೇ ಪಾದ ಹಬೆಯಲ್ಲಿಟ್ಟ ಕಡುಬಿನಂತಾಗುತ್ತದೆ. ಜಾಲರಿ ಬಟ್ಟೆಯ ಸಾದಾ ಶೂ ನೆನೆಯುತ್ತದೆ, ಹಾಗೆಯೇ ಹತ್ತಿಪ್ಪತ್ತು ನಿಮಿಷದ ಓಟದಲ್ಲಿ ನೀರು ಹಿಂಡಿ ಹೊರಹಾಕುತ್ತದೆ.

ಒಂದೇ ಜೋಡಿ ಹೇಳಿ ಅಂದರೆ: ಒಣ ಬೆಟ್ಟಗಳಿಗೆ ಟಿಆರ್ ಸರಣಿ, ರಸ್ತೆ ಬೆರೆತ ದಾರಿಗೆ ಜೆಲ್-ವೆಂಚರ್. ಮಳೆಗಾಲದ ಮಲೆನಾಡಿನಲ್ಲಿ ನಿಯಮಿತವಾಗಿ ಓಡುವವರು, ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ 50 ಕಿಲೋಮೀಟರ್ ಓಟಕ್ಕೆ ತಯಾರಾಗುವವರು ಆರು ಸಾವಿರಕ್ಕೆ ಗಂಟುಬೀಳದೆ ಇನ್ನೆರಡು ಸಾವಿರ ಸೇರಿಸಿ, ಒಳ್ಳೆಯ ರಬ್ಬರಿನ ಹಿಂದಿನ ವರ್ಷದ ಮಾದರಿಯನ್ನು ಅರ್ಧ ಬೆಲೆಗೆ ಹುಡುಕುವುದು ಲೇಸು. ಹೊಸ ಮಾದರಿ ಬಂದ ತಿಂಗಳಲ್ಲಿ ಹಳೆಯದರ ಬೆಲೆ ಧುಮುಕುತ್ತದೆ. ಆದರೆ ಹಾಗೆ ಕೊಳ್ಳುವಾಗ ನಾಲಿಗೆಯ ಒಳಬದಿಯ ಚೀಟಿ ತಿರುಗಿಸಿ ತಯಾರಾದ ತಿಂಗಳು, ವರ್ಷ ನೋಡಿ. ಬಹಳಷ್ಟು ಕಂಪನಿಗಳು ಅದನ್ನು ಅಲ್ಲೇ ಅಚ್ಚುಹಾಕುತ್ತವೆ. ಮೂರು ವರ್ಷ ಗೋದಾಮಿನಲ್ಲಿ ಕೂತ ಶೂನ ಅಂಟು ಒಣಗಿರುತ್ತದೆ, ಫೋಮ್ ಗಟ್ಟಿಯಾಗಿರುತ್ತದೆ. ಓಡದೆಯೇ ಮುಪ್ಪಾದ ಶೂ ಅದು.

ಅಳತೆ

ತಪ್ಪು ಶೂಗಿಂತ ತಪ್ಪು ಅಳತೆಯಿಂದ ಹಾಳಾದ ಕಾಲುಗಳೇ ಹೆಚ್ಚು. ಅಳತೆಯನ್ನು ಸಂಜೆ ತೆಗೆಯಿರಿ, ದಿನವಿಡೀ ನಡೆದ ಕಾಲು ಬೆಳಗಿಗಿಂತ ಉಬ್ಬಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ, ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತುಕೊಳ್ಳಿ. ಅತಿ ಉದ್ದದ ಬೆರಳಿನ ತುದಿಗೆ ಪೆನ್ಸಿಲ್ ನೇರವಾಗಿ ಹಿಡಿದು ಗೆರೆ ಎಳೆಯಬೇಕು. ಬಾಗಿ ನೀವೇ ಎಳೆದರೆ ಭಾರ ಸರಿದು ಅಳತೆ ತಪ್ಪುತ್ತದೆ, ಇನ್ನೊಬ್ಬರಿಂದ ಎಳೆಸಿ. ಎಷ್ಟೋ ಜನರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಅದನ್ನು ಮರೆಯಬೇಡಿ. ಎರಡೂ ಕಾಲು ಅಳೆದು ದೊಡ್ಡದನ್ನು ಇಟ್ಟುಕೊಳ್ಳಿ.

ನಮ್ಮಲ್ಲಿ ಕೇಳುವ ‘ಎಂಟನೇ ನಂಬರ್’ ಯುಕೆ ಅಳತೆ. ಆದರೆ ಕಂಪನಿಯಿಂದ ಕಂಪನಿಗೆ ಎಂಟು ಎಂಟಲ್ಲ. ಅಡಿಡಾಸ್‌ನ ಯುಕೆ 8 ಅಂದರೆ ಚೀಟಿಯಲ್ಲಿ 26.5 ಸೆಂಟಿಮೀಟರ್, ನೈಕಿ ಮತ್ತು ಏಸಿಕ್ಸ್‌ನ ಗಂಡಸರ ಯುಕೆ 8 ಅಂದರೆ 27. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬೆಟ್ಟ ಇಳಿಯುವಾಗ ಉಗುರು ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ. ಆನ್‌ಲೈನ್ ಕೊಳ್ಳುವವರು ನಂಬರ್ ಬಿಟ್ಟು ಸೆಂಟಿಮೀಟರ್ ಹೋಲಿಸಬೇಕು. ಈಗಾಗಲೇ ಸರಿಯಾಗಿ ಹೊಂದುವ ಶೂ ಮನೆಯಲ್ಲಿದ್ದರೆ ಅದರ ನಾಲಿಗೆಯ ಚೀಟಿಯ ಸೆಂಟಿಮೀಟರ್ ಹಿಡಿದು, ಟ್ರೇಲ್‌ಗೆ ಅರ್ಧ ನಂಬರ್ ಹೆಚ್ಚಿಸಿ.

ಅಂಗಡಿಯಲ್ಲಾದರೆ ಇನ್ನೂ ಸುಲಭ. ಪಾದದ ಕೆಳಗಿನ ಬಿಡಿ ಮೆತ್ತೆಯನ್ನು, ಅಂದರೆ ಇನ್ಸೋಲನ್ನು, ಹೊರಗೆ ಎಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ, ಹಿಮ್ಮಡಿ ಹಿಂದಿನ ಅಂಚಿಗೆ ಸರಿಯಾಗಿ. ಉದ್ದದ ಬೆರಳಿನ ಮುಂದೆ ಸುಮಾರು 10 ಮಿಲಿಮೀಟರ್ ಖಾಲಿ ಉಳಿಯಬೇಕು. ಪಕ್ಕಕ್ಕೂ ಕಣ್ಣಾಡಿಸಿ: ಚಪ್ಪಲಿಯಲ್ಲಿ, ಬರಿಗಾಲಲ್ಲಿ ಬೆಳೆದ ಕಾಲು ಮುಂಭಾಗದಲ್ಲಿ ಅಗಲವಾಗಿ ಹರಡಿರುತ್ತದೆ. ಕಿರುಬೆರಳು ಇನ್ಸೋಲಿನ ಅಂಚು ದಾಟಿ ಅರ್ಧ ಹೊರಗೆ ಬಿದ್ದರೆ ಆ ಶೂ ನಿಮ್ಮದಲ್ಲ. ‘ಹಾಕ್ತಾ ಹಾಕ್ತಾ ಬಿಡುತ್ತೆ ಸರ್’ ಅಂತ ಅಂಗಡಿಯವರು ಹೇಳುತ್ತಾರೆ. ಚರ್ಮದ ಶೂ ಬಿಡುತ್ತಿತ್ತು. ಈಗಿನ ನೈಲಾನ್, ಪಾಲಿಯೆಸ್ಟರ್ ಜಾಲರಿ, ಮೇಲಿಂದ ಕರಗಿಸಿ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿ ಬಿಡುವುದಿಲ್ಲ, ಹರಿಯುತ್ತವೆ. ಹರಿಯುವುದೂ ಸರಿಯಾಗಿ ಆ ಕಿರುಬೆರಳಿನ ಜಾಗದಲ್ಲೇ.

ಲೇಸ್ ಕಟ್ಟಿದ ಮೇಲೆ ಅಂಗಡಿಯ ಮೆಟ್ಟಿಲು ಹುಡುಕಿ. ಹತ್ತುವುದಲ್ಲ, ಇಳಿಯುವುದು ಪರೀಕ್ಷೆ. ಮೂರು ಮೆಟ್ಟಿಲು ದಬದಬ ಇಳಿದಾಗ ಬೆರಳು ಮುಂದೆ ತಾಗಿದರೆ ಮೊದಲು ಲೇಸ್ ಬಿಗಿಸಿ ಮತ್ತೆ ಇಳಿಯಿರಿ, ಆಗಲೂ ತಾಗಿದರೆ ಅರ್ಧ ನಂಬರ್ ಮೇಲಿನದು ಕೇಳಿ. ಮತ್ತೆ ಒಂದು ಕೈಯಲ್ಲಿ ಮೂತಿ, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು ಶೂ ಬಾಗಿಸಿ. ಬೆರಳುಗಳ ಬುಡದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಅಂಗಾಲಿನ ಕಮಾನಿಗೆ ಆಸರೆಯಿಲ್ಲ. ಬಾಗಿಸಿ ಹಿಡಿದಾಗಲೇ ಬಟ್ಟೆ ಮತ್ತು ಫೋಮ್ ಕೂಡುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಹಾಳೆ ತೂರುವಷ್ಟು ಸೀಳು ಕಂಡರೂ ಆ ಜೋಡಿ ಬೇಡ. ಅಂಟು ಬಿಡುವುದು ಯಾವಾಗಲೂ ಅಲ್ಲಿಂದಲೇ ಶುರು.

ಮೊದಲ ಹದಿನೈದು ದಿನ

ಹಿಂದಿರುಗಿಸುವ ಅವಧಿ ಎಷ್ಟು ದಿನ, ಬಳಸಿದ್ದನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ಕೇಳಿ. ಮೊದಲೆರಡು ದಿನ ಮನೆಯೊಳಗೆ ಟೈಲ್ಸ್ ಮೇಲೆ ಒಂದೊಂದು ಗಂಟೆ ಹಾಕಿಕೊಂಡು ಓಡಾಡಿ. ಎಲ್ಲಿಯೂ ಚುಚ್ಚದಿದ್ದರೆ ಮುಂದಕ್ಕೆ.

ಹೊಸ ಶೂನ ಅಡಿಯ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಪದಾರ್ಥದ ತೆಳುವಾದ ಪೊರೆ ಇರುತ್ತದೆ. ಮೊದಲ ದಿನವೇ ಬಂಡೆಯ ಮೇಲೆ ಜಾರಿ ಬೀಳುವವರು ಹೆಚ್ಚಾಗಿ ಬೀಳುವುದು ಇದರಿಂದ. ಅಡಿಯನ್ನು ಮಾತ್ರ ಸೋಪಿನ ನೀರು, ಹಳೆಯ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ, ಆಮೇಲೆ ಎರಡು ಕಿಲೋಮೀಟರ್ ಒರಟು ರಸ್ತೆಯಲ್ಲಿ ನಡೆಯಿರಿ. ಹಿಡಿತ ಹೇಗಿದೆ ಎಂದು ನೋಡಲು ಬಟ್ಟೆ ಒಗೆಯುವ ಕಲ್ಲಿಗಿಂತ ಒಳ್ಳೆಯ ಜಾಗ ಇಲ್ಲ. ಗ್ರಾನೈಟ್ ಕಲ್ಲನ್ನು ಓರೆಯಾಗಿ ಹಾಕಿರುತ್ತಾರೆ, ಸೋಪಿನ ಅಂಶ ಹೋಗುವಂತೆ ತೊಳೆದು, ಬರಿಯ ನೀರು ಸುರಿದು, ಗೋಡೆ ಹಿಡಿದುಕೊಂಡು ಒಂದು ಕಾಲಿಟ್ಟು ನಿಧಾನವಾಗಿ ಭಾರ ಬಿಡಿ. ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ. ಹಿಮ್ಮಡಿಯಲ್ಲಿ ಸರ್ರನೆ ಜಾರಿ ಮುಂಗಾಲಿನಲ್ಲಿ ನಿಂತರೆ ಆ ಶೂನಲ್ಲಿ ಒದ್ದೆ ಇಳಿಜಾರನ್ನು ಮುಂಗಾಲಿನ ಮೇಲೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಇಳಿಯಬೇಕು ಎಂದರ್ಥ. ಎರಡೂ ಜಾರಿದರೆ ಅದು ಒಣ ಕಾಲದ ಶೂ, ಮಳೆಯಲ್ಲಿ ಬಂಡೆಯ ಬೆಟ್ಟಕ್ಕೆ ಹೋಗಬೇಡಿ.

ನಂತರ 3 ಕಿಲೋಮೀಟರ್ ನಡಿಗೆ, ಮರುದಿನ 5 ಕಿಲೋಮೀಟರ್ ಸಮತಟ್ಟು ಮಣ್ಣಿನಲ್ಲಿ ಓಟ, ನಾಲ್ಕನೆಯ ಸಲಕ್ಕೆ ಬೆಟ್ಟ. ರಸ್ತೆ ಶೂನಿಂದ ಬಂದವರು ಹಿಮ್ಮಡಿಯ ಎತ್ತರ ಕಡಿಮೆಯಿರುವ ಶೂ, ಅಂದರೆ 4–6 ಮಿಲಿಮೀಟರ್ ವ್ಯತ್ಯಾಸದ್ದು ಕೊಂಡಿದ್ದರೆ ಇನ್ನೂ ನಿಧಾನಿಸಬೇಕು. ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿನ ಮೇಲೆ ಎಳೆತ ಹೆಚ್ಚುತ್ತದೆ. ಮೂರು ವಾರ ವಾರಕ್ಕೊಂದೇ ಸಲ ಹಾಕಿ. ಹೊಸಬರಿಗೆ 8–10 ಮಿಲಿಮೀಟರ್ ವ್ಯತ್ಯಾಸವೇ ಹಿತ.

ಬೆಟ್ಟದ ಓಟದ ನಂತರ ಕಾಲು ನೋಡಿದರೆ ಶೂ ಎಲ್ಲಿ ಹೊಂದಿಲ್ಲ ಅನ್ನುವುದು ಗೊತ್ತಾಗುತ್ತದೆ. ಹಿಮ್ಮಡಿಯ ಹಿಂದೆ ಬೊಬ್ಬೆ ಎದ್ದಿದ್ದರೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿದೆ. ಇದಕ್ಕೆ ಶೂ ಬದಲಿಸುವ ಮೊದಲು ಲೇಸ್ ಬದಲಿಸಿ: ಬಹಳ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂದು ರಂಧ್ರ ಖಾಲಿ ಬಿಟ್ಟಿರುತ್ತಾರೆ. ಲೇಸನ್ನು ಅದೇ ಪಕ್ಕದ ಆ ರಂಧ್ರಕ್ಕೆ ಹೊರಗಿನಿಂದ ಒಳಕ್ಕೆ ತೂರಿಸಿ ಚಿಕ್ಕ ಕುಣಿಕೆ ಉಳಿಸಿ, ಆಚೆಯ ಲೇಸ್ ತುದಿಯನ್ನು ಈಚೆಯ ಕುಣಿಕೆಯಲ್ಲಿ, ಈಚೆಯದನ್ನು ಆಚೆಯದರಲ್ಲಿ ನುಗ್ಗಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಬೆರಳು ಮುಂದೆ ನುಗ್ಗುವುದು ನಿಲ್ಲುತ್ತದೆ. ಹೆಬ್ಬೆರಳಿನ ಉಗುರಿನ ಕೆಳಗೆ ನೋವಿದ್ದರೆ ಅಥವಾ ಕಪ್ಪಾಗಿದ್ದರೆ ಇದನ್ನು ಮಾಡಿ ಇನ್ನೊಂದು ಸಲ ಓಡಿ. ಆಗಲೂ ಹಾಗೇ ಆದರೆ ಅಳತೆ ಚಿಕ್ಕದು. ಪಾದದ ಮೇಲ್ಭಾಗ ಜೋಮು ಹಿಡಿದರೆ ನಡುವಿನ ಲೇಸ್ ಬಿಗಿ ಹೆಚ್ಚಾಗಿದೆ, ಅಲ್ಲಿ ಒಂದು ಅಡ್ಡ ಗೆರೆ ಬಿಟ್ಟು ಪೋಣಿಸಿ. ಒಳಗೆ ಒಂದೇ ಕಡೆ ಮರಳು ಸೇರುತ್ತಿದ್ದರೆ ನಾಲಿಗೆ ಹೊರಕ್ಕೆ ಜರುಗುತ್ತಿದೆ. ನಾಲಿಗೆಯ ನಡುವಿನ ಕಿಂಡಿಯಲ್ಲಿ ಲೇಸ್ ತೂರಿಸಿಲ್ಲ ಅಥವಾ ಕಿಂಡಿಯೇ ಇಲ್ಲ. ಇಲ್ಲದಿದ್ದರೆ ಚಪ್ಪಲಿ ರಿಪೇರಿಯವರ ಹತ್ತಿರ ಒಂದು ಚಿಕ್ಕ ಪಟ್ಟಿ ಹೊಲಿಸಿಕೊಳ್ಳಿ, ಐದು ನಿಮಿಷದ ಕೆಲಸ.

ಮುಳ್ಳು, ಊಬು, ಇಂಬಳ

ವಿದೇಶದಲ್ಲಿ ವಿನ್ಯಾಸವಾದ ಶೂಗೆ ಬಳ್ಳಾರಿ ಜಾಲಿಯ ಮುಳ್ಳು ಗೊತ್ತಿಲ್ಲ. ಬಯಲುಸೀಮೆಯ ಕೆರೆಯಂಗಳ, ಹೊಲದ ಬದು, ಕುರಿದಾರಿಗಳಲ್ಲಿ ಒಣಗಿ ಬಿದ್ದ ಆ ಮುಳ್ಳು ಹಲ್ಲುಗಳ ನಡುವಿನ ತೆಳು ಜಾಗದಲ್ಲಿ ನೇರ ಒಳಗಿಳಿಯುತ್ತದೆ. ಮೊದಲ ದಿನ ತಾಗುವುದಿಲ್ಲ. ಹೆಜ್ಜೆ ಹೆಜ್ಜೆಗೂ ಫೋಮಿನೊಳಗೆ ಮೇಲೆ ಸರಿದು ಮೂರನೆಯ ದಿನ ಅಂಗಾಲಿಗೆ ಚುಚ್ಚುತ್ತದೆ. ಓಟ ಮುಗಿದ ಮೇಲೆ ಅಡಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕಪ್ಪು ಚುಕ್ಕೆಯಂತೆ ಕಂಡದ್ದನ್ನು ಮೊನೆಯ ಇಕ್ಕಳದಿಂದ ನೇರವಾಗಿ ಎಳೆಯಿರಿ, ಓರೆ ಮಾಡಿದರೆ ಒಳಗೇ ಮುರಿಯುತ್ತದೆ. ಮುರಿದರೆ ಇನ್ಸೋಲ್ ತೆಗೆದು ಒಳಗಿನಿಂದ ಹುಡುಕಬೇಕು, ಬರಿಬೆರಳಿನಿಂದಲ್ಲ, ನಾಲ್ಕು ಮಡಿಕೆ ಬಟ್ಟೆಯಿಂದ ಸವರಿ. ಈ ಭಾಗದಲ್ಲಿ ಓಡುವವರು ತೂಕ ಹೆಚ್ಚಾದರೂ ಅಡಿಯ ತುಂಬ ರಬ್ಬರ್ ಇರುವ ಶೂ ಆರಿಸುವುದು ಒಳ್ಳೆಯದು.

ಮಳೆಗಾಲ ಮುಗಿದು ಹುಲ್ಲು ಒಣಗಿದಾಗ ಊಬಿನ ಕಾಟ. ಹುಲ್ಲಿನ ಆ ಚೂಪು ತೆನೆಮುಳ್ಳು ಜಾಲರಿಯಲ್ಲಿ ಹೊಕ್ಕು ಕಾಲುಚೀಲ ದಾಟಿ ಚರ್ಮಕ್ಕೆ ತಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಉತ್ತರಾಣಿ ಬೀಜ ಮೇಲೆ ಅಂಟಿಕೊಂಡಿರುತ್ತದೆ, ಅದನ್ನು ಹಳೆಯ ಬಾಚಣಿಗೆಯಿಂದ ಬಾಚಿ ತೆಗೆಯಬಹುದು. ಊಬನ್ನು ಒಂದೊಂದಾಗಿ ಒಳಗಿನಿಂದಲೇ, ಅದು ಹೋದ ದಿಕ್ಕಿನಲ್ಲೇ ಎಳೆಯಬೇಕು. ಕೊಳ್ಳುವಾಗ ಶೂ ಒಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಜಾಲರಿಯ ಕಣ್ಣು ಸಾಸಿವೆ ಕಾಳಿನಷ್ಟು ಅಗಲವಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಊಬು, ಮರಳು ಎರಡೂ ಬರುತ್ತವೆ. ಸಣ್ಣ ಕಣ್ಣಿನ ಒತ್ತು ನೇಯ್ಗೆ ನಮ್ಮ ಹುಲ್ಲುಗಾವಲಿಗೆ ಮೇಲು.

ಮಲೆನಾಡಿನಲ್ಲಿ ಇಂಬಳ ಜಾಲರಿಯಿಂದ ಬರುವುದಕ್ಕಿಂತ ನಾಲಿಗೆಯ ಪಕ್ಕದ ಸಂದಿಯಿಂದ, ಲೇಸಿನ ರಂಧ್ರದಿಂದ ಬರುವುದು ಹೆಚ್ಚು. ಒತ್ತು ನೇಯ್ಗೆಯ, ಮೊಣಕಾಲುದ್ದದ ಇಂಬಳದ ಕಾಲುಚೀಲ ಹಾಕಿದರೆ ಬಹುಪಾಲು ನಿಲ್ಲುತ್ತದೆ. ಲೇಸಿನ ಮೇಲೆ ಉಪ್ಪು, ಹೊಗೆಸೊಪ್ಪಿನ ನೀರು ಸವರುವುದು ಹಳೆಯ ಉಪಾಯ. ಹಳ್ಳ ದಾಟಿದರೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು.

ಒಣಗಿಸುವುದು, ಅಂಟಿಸುವುದು, ಬಿಡುವುದು

ಬಜೆಟ್ ಶೂ ಸಾಯುವುದು ಸವೆತದಿಂದಲ್ಲ, ಅಂಟು ಬಿಟ್ಟು. ಅಂಟಿಗೆ ದೊಡ್ಡ ಶತ್ರು ಶಾಖ. ಒದ್ದೆ ಶೂವನ್ನು ತಾರಸಿಯ ಬಿಸಿಲಿಗೆ, ಒಲೆಯ ಪಕ್ಕಕ್ಕೆ, ಏಪ್ರಿಲ್ ತಿಂಗಳಲ್ಲಿ ಕಾರಿನ ಡಿಕ್ಕಿಯೊಳಗೆ ಇಟ್ಟರೆ ಅಂಟು ಮೆತ್ತಗಾಗಿ ಫೋಮ್ ಸುಕ್ಕುಗಟ್ಟುತ್ತದೆ. ಅದೇ ದಿನ ತಣ್ಣೀರು ಮತ್ತು ಬ್ರಷ್‌ನಿಂದ ಮಣ್ಣು ತೊಳೆಯಿರಿ, ಏಕೆಂದರೆ ಜಾಲರಿಯಲ್ಲಿ ಉಳಿದ ಸಣ್ಣ ಮರಳು ಪ್ರತಿ ಹೆಜ್ಜೆಗೂ ಗರಗಸದಂತೆ ಎಳೆ ಕೊಯ್ಯುತ್ತದೆ. ವಾಷಿಂಗ್ ಮಷಿನ್ ಬೇಡ. ಲೇಸ್ ಸಡಿಲಿಸಿ, ಇನ್ಸೋಲ್ ಹೊರತೆಗೆದು, ಒಳಗೆ ದಿನಪತ್ರಿಕೆ ಮುದ್ದೆ ಮಾಡಿ ತುಂಬಿ. ಒಂದು ಗಂಟೆಗೆ ಅದು ನೀರು ಹೀರಿ ಒದ್ದೆಯಾಗಿರುತ್ತದೆ, ಬದಲಿಸಿ. ಎರಡನೆಯ ಸಲ ತುಂಬಿ ರಾತ್ರಿ ಫ್ಯಾನ್ ಕೆಳಗೆ ಇಟ್ಟರೆ ಮಲೆನಾಡಿನ ಜುಲೈನಲ್ಲೂ ಬೆಳಿಗ್ಗೆ ಹಾಕುವ ಹದಕ್ಕೆ ಬರುತ್ತದೆ.

ಮೂತಿಯಲ್ಲಿ ಸೋಲ್ ಬಾಯಿಬಿಟ್ಟರೆ ಫೆವಿಕ್ವಿಕ್ ಹಾಕಬೇಡಿ. ಒಣಗಿದ ಮೇಲೆ ಅದು ಗಾಜಿನಂತೆ ಬಿರುಸು, ಬಾಗಿದ ಕೂಡಲೇ ಒಡೆಯುತ್ತದೆ, ಆಮೇಲೆ ಬೇರೆ ಅಂಟೂ ಹಿಡಿಯುವುದಿಲ್ಲ. ರಬ್ಬರ್ ಅಂಟು ಬೇಕು, ಫೆವಿಬಾಂಡ್ ಥರದ್ದು. ಸೀಳನ್ನು ಪೂರ್ತಿ ಒಣಗಿಸಿ, ಹಳೆಯ ಅಂಟಿನ ಪೊರೆಯನ್ನು ಮರಳು ಕಾಗದದಿಂದ ತೀಡಿ, ಎರಡೂ ಬದಿಗೆ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ಒಂದು ಪೂರ್ತಿ ದಿನ ಬಿಡಿ. ಹೆಚ್ಚು ಓಡುವವರು ಹೊಸದರಲ್ಲೇ ಮೂತಿಯ ಸುತ್ತ ರಿಪೇರಿಯವರ ಹತ್ತಿರ ದಪ್ಪ ನೈಲಾನ್ ದಾರದ ಹೊಲಿಗೆ ಹಾಕಿಸಬಹುದು. ಅಡಿಯ ರಬ್ಬರಿಗಲ್ಲ, ಪಕ್ಕದ ಅಂಚಿಗೆ ಹಾಕಿಸಿ. ಅಡಿಯಲ್ಲಿ ಹೊರಬಿದ್ದ ದಾರ ಗರಸಿಗೆ ವಾರದಲ್ಲಿ ಸವೆದುಹೋಗುತ್ತದೆ. ಹೊಲಿಸಿದ ಮೇಲೆ ಹಿಂದಿರುಗಿಸುವ ಮಾತು ಮುಗಿಯಿತು ಅನ್ನುವುದೂ ನೆನಪಿರಲಿ.

ಹಲ್ಲು ಇನ್ನೂ ಚೆನ್ನಾಗಿದೆ ಎಂಬ ಕಾರಣಕ್ಕೆ ಶೂ ಎಳೆದಾಡಬೇಡಿ, ಗಟ್ಟಿ ರಬ್ಬರಿನ ಶೂನಲ್ಲಿ ಫೋಮ್ ಮೊದಲು ಸತ್ತಿರುತ್ತದೆ. ಪಕ್ಕದಿಂದ ನೋಡಿದಾಗ ಫೋಮಿನ ಮೇಲೆ ಅಡ್ಡಡ್ಡ ಸುಕ್ಕು ಕಾಯಂ ಆಗಿ ಕೂತಿದ್ದರೆ, ಮೇಜಿನ ಮೇಲಿಟ್ಟ ಶೂ ಒಂದು ಪಕ್ಕಕ್ಕೆ ವಾಲಿದರೆ, ದಿನಾ ಓಡುವ ದೂರಕ್ಕೇ ಮೊಣಕಾಲು, ಅದರ ಕೆಳಗಿನ ಮುಂಭಾಗದ ಮೂಳೆ ನೋಯತೊಡಗಿದರೆ ಅದರ ಓಟ ಮುಗಿದಿದೆ. ಈ ಬೆಲೆಯ ಇವಿಎಗೆ 500ರಿಂದ 600 ಕಿಲೋಮೀಟರ್ ನ್ಯಾಯವಾದ ಆಯುಸ್ಸು, ತೂಕ ಹೆಚ್ಚಿರುವವರಿಗೆ ಇನ್ನೂ ಕಡಿಮೆ. ಕೊಂಡ ದಿನಾಂಕವನ್ನು ಇನ್ಸೋಲಿನ ಕೆಳಗೆ ಪೆನ್ನಿನಲ್ಲಿ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಓಟ ಮುಗಿದ ಜೋಡಿಯ ಹಲ್ಲು ಉಳಿದಿದ್ದರೆ ತೋಟದ ಕೆಲಸಕ್ಕೆ, ಚಾರಣದ ನಡಿಗೆಗೆ ಇನ್ನೊಂದು ವರ್ಷ ಧಾರಾಳವಾಗಿ ಬರುತ್ತದೆ.